ದೊಣಿ ನೋಡಿ ದಾರಿ ಹಿಡ್ಯೂದು: ಸಗರನಾಡಿನ ಗುಡ್ಡದ ನೆತ್ತಿ ಮ್ಯಾಲ

ನಮ್ ಕಡಿ ಹುಡುಗ್ರು ಟ್ರೆಕ್ಕಿಂಗ್ ಅಂದ್ರ ಸಾಕು, ಶುಕ್ರವಾರ ರಾತ್ರಿ ಬಸ್ ಹತ್ತಿ ಚಿಕ್ಕಮಗಳೂರ ಕಡಿ ಹೊಂಟಬಿಡ್ತಾರ, ಮುಳ್ಳಯ್ಯನಗಿರಿ ಮ್ಯಾಲ ಮಂಜಿನಾಗ ನಿಂತು ಫೋಟೋ ತಗೀತಾರ, ಸ್ಟೇಟಸ್ ಹಾಕ್ತಾರ. ಹೋಗ್ಲಿ, ಅದೂ ಚಲೋ ಗುಡ್ಡಾನೇ, 1,930 ಮೀಟರ್ ಅಂದ್ರ ನಮ್ ರಾಜ್ಯದಾಗ ಅದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ನನಗ ಬ್ಯಾಸರ ಆಗೂದು ಏನಂದ್ರ, ಶಹಾಪುರದಾಗ ಹುಟ್ಟಿ ಬೆಳದೋರು, ದಿನಾ ಮುಂಜಾನಿ ಬಾಗಲಾ ತಗದ್ರ ಎದುರಿಗೇ ಗುಡ್ಡ ಕಾಣೋರು, ಆ ಗುಡ್ಡದ ಈ ತುದಿಯಿಂದ ಆ ತುದಿತನ ಒಮ್ಮೆರೆ ನಡದು ನೋಡಿಲ್ಲಲ್ಲ ಅಂತ. ಕೇಳಿದ್ರ ಅಲ್ಲೇನದ ಬಿಡೋ ಮಾರಾಯಾ, ಬರೇ ಬಂಡಿಗಲ್ಲು, ಬಿಸಲು, ಜಾಲಿಮುಳ್ಳು ಅಂತಾರ. ಅಲ್ಲಿ ಏನೇನದ ಅಂತ ಹೇಳಬೇಕಂತಾನೇ ಇದನ್ನ ಬರೀಲಾಕತ್ತೀನಿ. ಉದ್ದ ಆಗ್ತದ, ಚಾ ಇಟ್ಕೊಂಡು ಕೂತು ಓದ್ರಿ.

ಮೊದ್ಲ ಜಾಗಾ ಯಾವುದು ಅಂತ ಹೇಳ್ತೀನಿ. ಯಾದಗಿರಿ ಜಿಲ್ಲಾದಾಗ ಶಹಾಪುರ, ಸುರಪುರ, ಹುಣಸಗಿ ಈ ಸೀಮಿಗಿ ಸಗರನಾಡು ಅಂತೀವಿ. ಒಂದು ಕಡಿ ಭೀಮಾ ಹೊಳಿ, ಇನ್ನೊಂದು ಕಡಿ ಕೃಷ್ಣಾ ಹೊಳಿ, ಎರಡೂ ಮುಂದ ರಾಯಚೂರ ಗಡಿ ಹಂತೇಕ ಕೂಡ್ತಾವ, ಕೂಡೂಕಿಂತ ಮೊದ್ಲ ಅವೆರಡರ ನಡು ಎದ್ದು ನಿಂತಿರೋವೇ ಈ ಗುಡ್ಡಗೋಳು. ಶಹಾಪುರ ಊರಿಗಿ ಹತ್ತಿಕೊಂಡೇ ಏಳ್ತಾವ, ದಕ್ಷಿಣಕ್ಕ ಸುರಪುರದ ಕಡಿಗಿ, ಅಲ್ಲಿಂದ ಪಶ್ಚಿಮಕ್ಕ ವಾಗಣಗೇರಾ ಕಡಿಗಿ ಚೆಲ್ಲಿಕೋತ ಹೋಗ್ಯಾವ. ಸಾಲು ಒಂದೇ ಸಮ ಇಲ್ಲ, ನಡುನಡು ಕಡದದ, ಕಡದಲ್ಲಿ ಎರಿ ಹೊಲ ಅದ, ರೋಡ್ ಅದ, ಮತ್ತ ಆಕಡಿ ಎದ್ದದ. ಎತ್ತರ ಮುಗಲ ಮುಟ್ಟೂದೇನಲ್ಲ, ಆದ್ರ ಒಮ್ಮೆ ಮ್ಯಾಲ ಹತ್ತಿ ನೆತ್ತಿ ಹಿಡದ್ರಿ ಅಂದ್ರ ತಾಸಗಟ್ಟಲೆ ನಡದ್ರೂ ಒಬ್ಬ ಮನಷ್ಯಾ ಸಿಗಂಗಿಲ್ಲ, ಫೋನಿಗಿ ಸಿಗ್ನಲ್ ಬರ್ತದ ಹೋಗ್ತದ, ಕೆಳಗ ಟ್ರ್ಯಾಕ್ಟರ್ ಸಪ್ಪಳ ಕೇಳಸ್ತದ ಆದ್ರ ಇಳ್ಯಾಕ ದಾರಿ ಇರಂಗಿಲ್ಲ. ದೂರ ಅನ್ನೋದು ಬರೇ ಕಿಲೋಮೀಟರಿನ ಲೆಕ್ಕ ಅಲ್ಲ ಅಂತ ಅಲ್ಲಿ ನಿಂತಾಗ ಗೊತ್ತಾಗ್ತದ.

ನಾನು ಹೇಳಬೇಕಂದಿದ್ದು ಒಂದೇ ಮಾತು. ಈ ಗುಡ್ಡದಾಗ ತುದಿ ಮುಟ್ಟೂದು ಕೆಲಸಾನೇ ಅಲ್ಲ. ಯಾವ ಗುಂಡುಗಲ್ಲು ಎಲ್ಲಕ್ಕಿಂತ ಎತ್ತರ ಅಂತ ಹುಡಿಕ್ಯಾಡಿ ಅದರ ಮ್ಯಾಲ ನಿಂತು ಕೈ ಎತ್ತಿದ್ರ ಏನೂ ಸಿಗಂಗಿಲ್ಲ. ಉದ್ದಕ್ಕ ನಡೀಬೇಕು, ನೆತ್ತಿ ಬಿಡದಂಗ ನಡೀಬೇಕು, ಹಂಗ ನಡೀಬೇಕಂದ್ರ ನೀರು ಎಲ್ಲಿ ಅದ ಅಂತ ಗೊತ್ತಿರಬೇಕು. ಮಲೆನಾಡಿನಾಗ ಹತ್ತು ಹೆಜ್ಜಿಗಿ ಝರಿ ಸಿಗ್ತಾವ, ಅಲ್ಲಿ ದಾರಿ ಗೊತ್ತಿದ್ರ ಸಾಕು. ಇಲ್ಲಿ ನೀರೇ ದಾರಿ ಹೇಳ್ತದ. ದೊಣಿ ಅಂದ್ರ ಬಂಡಿಗಲ್ಲಿನಾಗ ಮಳಿ ನೀರು ನಿಲ್ಲೂ ತಗ್ಗು; ಒಂದು ದೊಣಿಯಿಂದ ಇನ್ನೊಂದು ದೊಣಿಗಿ, ಅಲ್ಲಿಂದ ಮತ್ತೊಂದಕ್ಕ, ಹಂಗ ಜೋಡಿಸಿಕೋತ ಹೋದ್ರ ಅದೇ ನಿಮ್ ರೂಟ್. ಮ್ಯಾಪಿನಾಗ ಅವು ಇಲ್ಲ, ಸ್ಯಾಟಲೈಟ್ ಫೋಟೋದಾಗ ದೊಡ್ಡ ಬಂಡಿಗೋಳ ನೆರಳಿನಾಗ ಮುಚ್ಚಿ ಹೋಗ್ಯಾವ. ಗೊತ್ತಿರೋದು ಕುರಿ ಕಾಯೋರಿಗಿ ಅಷ್ಟೇ.

ನನಗ ಇದನ್ನ ಕಲಿಸಿದವ್ರೂ ಒಬ್ಬ ಕುರಿ ಕಾಯೋ ಕಾಕಾನೇ. ನಾನು ನನ್ನ ಗೆಳ್ಯಾ ಇಬ್ರೂ ಶಹಾಪುರದ ಹಳೀ ಕ್ವಾಟಿ ಕಡಿಂದ ಹತ್ತಿ ಸಾಲು ಹಿಡದು ಹೊಂಟಿದ್ವಿ, ಕಾಕಾ ಒಂದು ಗುಂಡಿನ ನೆರಳಿಗಿ ಕಂಬಳಿ ಹಾಸ್ಕೊಂಡು ಕೂತಿದ್ರು, ಕುರಿ ಕೆಳಗ ಮೇಯಲಾಕತ್ತಿದ್ವು. ನಮ್ಮನ್ನ ನೋಡಿ ಮೊದ್ಲ ಕೇಳಿದ್ದೇ, "ಏ ತಮ್ಮಾ, ಎಲ್ಲಿಗಿ ಹೊಂಟೀರಿ, ದನಾ ಏನರೆ ಕಳದಾವೇನು?" ಅಂತ. ಈ ಗುಡ್ಡದ ಮ್ಯಾಲ ಊರ ಮಂದಿ ಬರೂದು ದನಾ ಹುಡಕಾಕ, ಇಲ್ಲ ಸೀತಾಫಲ ಹರ್ಯಾಕ, ಮೂರನೇ ಕೆಲಸ ಇಲ್ಲ. ಇಲ್ ಕಾಕಾ, ಹಿಂಗೇ ನೆತ್ತಿ ಹಿಡದು ಆ ತುದಿತನ ನಡೀಬೇಕಂತ ಬಂದೀವಿ ಅಂದ್ವಿ. ಜರಾ ಹೊತ್ತು ನಮ್ ಬೂಟು, ಬ್ಯಾಗು ನೋಡಿದ್ರು, ನೀರು ಎಷ್ಟು ತಂದೀರಿ ಅಂದ್ರು, ಬಾಟ್ಲಿ ತೋರಸಿದ್ವಿ. "ಅದು ಮಧ್ಯಾನತನ ಬರ್ತದ, ಆಮ್ಯಾಲ ಏನ್ ಮಾಡ್ತೀರಿ? ಬರ್ರಿ, ದೊಣಿ ತೋರಸ್ತೀನಿ" ಅಂತ ಎದ್ದರು.

ಆ ದೊಣಿ ಈಗೂ ಕಣ್ಣಿಗಿ ಕಟ್ಟಿದಂಗದ. ಎರಡು ದೊಡ್ಡ ಗುಂಡಿನ ನಡು ಸಂದಿ, ಮೈ ಓರೆ ಮಾಡಿದ್ರ ಅಷ್ಟೇ ಹೋಗಾಕ ಬರ್ತದ, ಒಳಗ ಇಳದ್ರ ಒಂದು ಹಾಸುಬಂಡಿ, ಬಂಡಿ ನಡು ಒಂದು ಮಾರು ಉದ್ದದ ತಗ್ಗು, ಆಳ ಮೊಣಕಾಲಿನತನ. ಮೊದ್ಲಿಗಿ ನೀರು ಕಾಣಂಗಿಲ್ಲ, ಯಾಕಂದ್ರ ಯಾರೋ ಚಪ್ಪಡಿ ಕಲ್ಲು ಎಳದು ಅರ್ಧ ಮುಚ್ಚ್ಯಾರ, ಬಿಸಲಿಗಿ ಆರಬಾರ್ದು, ಮುಸ್ಯಾ ಬಂದು ಹೊಲಸ ಮಾಡಬಾರ್ದು ಅಂತ. ಬಂಡಿ ಗೋಡಿ ಮ್ಯಾಲ ಬಿಳೀ ಗೆರಿ, ಒಂದರ ಕೆಳಗ ಒಂದು, ನೀರು ಇಳದಂಗ ಇಳದಂಗ ಬಿಟ್ಟು ಹೋದ ಗುರ್ತು. ಕಾಕಾ ಬೊಟ್ಟಿಟ್ಟು ತೋರಸಿದ್ರು, ಇದು ದೀಪಾವಳಿಗಿ ಇದ್ದ ನೀರು, ಇದು ಎಳ್ಳಾಮಾಸಿಗಿ, ಹಿಂಗೇ ಇಳದ್ರ ಯುಗಾದಿತನ ಬರ್ತದ, ಆಮ್ಯಾಲ ನಾವು ಕುರಿ ಹೊಡ್ಕೊಂಡು ಕೆನಾಲ್ ಕಡಿ ಇಳೀತೀವಿ ಅಂತ. ಕಲ್ಲಿನ ಬಿರಕಿನಾಗ ಒಂದು ಸ್ಟೀಲ್ ಲೋಟ ಸಿಗಸಿಟ್ಟಿದ್ರು. ಯಾರದು ಅಂತ ಕೇಳಿದ್ರ ಯಾರದೂ ಅಲ್ಲ, ಬಂದೋರು ಕುಡಿಯಾಕ ಅಂದ್ರು. ಜರಾ ಕೆಳಗ ಇನ್ನೊಂದು ದೊಣಿ ಇತ್ತು, ಅಗಲಂದು, ಹಸರು ಪಾಚಿ ಕಟ್ಟಿತ್ತು, ಕಪ್ಪಿಮರಿ ಓಡ್ಯಾಡತಿದ್ವು, ಅದು ಕುರಿಗಿ. ಮ್ಯಾಲಿನದು ಮನಷ್ಯಾರಿಗಿ, ಕೆಳಗಿನದು ಜೀವಾದಿಗಿ, ಇದನ್ನ ಯಾರೂ ಬೋರ್ಡ್ ಹಾಕಿ ಬರದಿಲ್ಲ, ಆದ್ರ ಆ ಗುಡ್ಡದಾಗ ಎಲ್ಲಾರೂ ಪಾಲಸ್ತಾರ. ನಾವು ಕುಡದ್ವಿ, ಥಣ್ಣಗ ಇತ್ತು, ಜರಾ ಎಲಿ ವಾಸನಿ. ನೀವು ಹೋದ್ರ ಕುದಿಸಿಕೊಂಡರೆ, ಗುಳಿಗಿ ಹಾಕ್ಕೊಂಡರೆ ಕುಡೀರಿ, ನಿಂತ ನೀರು ಅದು.

ಈ ದೊಣಿ ಹ್ಯಾಂಗ ಆಗ್ತಾವ ಅನ್ನೋದು ನನಗ ಭಾಳ ದಿನದಿಂದ ತಲ್ಯಾಗಿತ್ತು, ಆಮ್ಯಾಲ ಓದಿ ತಿಳ್ಕೊಂಡೆ. ನಮ್ ಗುಡ್ಡದ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು, ಕಲಬುರಗಿ ಉತ್ತರಕ್ಕ, ಬೀದರ ಕಡಿ ಲಾವಾ ಹರದು ಹೆಪ್ಪುಗಟ್ಟಿದ ಕರೀ ಕಲ್ಲಿಗಿ ಸುಮಾರು ಆರೂವರಿ ಕೋಟಿ ವರ್ಷ ಅಷ್ಟೇ, ನಮ್ಮದರ ಮುಂದ ಅದು ಕೂಸು. ಈ ಗ್ರಾನೈಟಿನಾಗ ಫೆಲ್ಡ್‌ಸ್ಪಾರ್ ಅಂತ ಒಂದು ಹರಳು ಇರ್ತದ, ಗುಲಾಬಿ ಇಲ್ಲ ಬಿಳೀ ಬಣ್ಣದ್ದು. ಬಂಡಿ ಮ್ಯಾಲ ಸಣ್ಣ ತಗ್ಗು ಇದ್ರ ಸಾಕು, ಮಳಿ ನೀರು ಅಲ್ಲಿ ನಿಲ್ತದ, ನಿಂತ ನೀರಿಗಿ ಆ ಹರಳು ಮೆಲ್ಲಕ ಮೆತ್ತಗಾಗಿ ಮಣ್ಣಾಗ್ತದ, ಅದರ ಬಾಜೂಕ ಇರೋ ಗಟ್ಟಿ ಕ್ವಾರ್ಟ್ಜ್ ಹರಳಿಗಿ ಹಿಡಕೊಳ್ಳಾಕ ಏನೂ ಇಲ್ಲದಂಗಾಗಿ ಉಸಕಾಗಿ ಉದರ್ತದ, ಮುಂದಿನ ದೊಡ್ಡ ಮಳಿ ಆ ಉಸಕು ತೊಳಕೊಂಡು ಹೋಗ್ತದ, ತಗ್ಗು ಇನ್ನೊಂದೀಟು ಆಳ ಆಗ್ತದ, ಆಳ ಆದಷ್ಟೂ ನೀರು ಭಾಳ ದಿನ ನಿಲ್ತದ, ಭಾಳ ದಿನ ನಿಂತಷ್ಟೂ ಮತ್ತ ಆಳ. ಸಾವಿರಾರು ವರ್ಷ ಹಿಂಗ ನೀರೇ ತನಗ ಬೇಕಾದ ಗಡಿಗಿ ತಾನೇ ಕೊರ್ಕೊಂಡದ. ಉಳಿ ಹಿಡದು ಯಾರೂ ಕಡದಿಲ್ಲ. ಇದನ್ನ ತಿಳ್ಕೊಂಡ ಮ್ಯಾಲ ದೊಣಿ ಅಂಚಿಗಿ ಕೂತ್ರ ತಳದಾಗಿರೋ ಉಸಕು ಬೆರಳಿಗಿ ಹತ್ತಿಸಿ ನೋಡದೇ ಏಳೂಕಾಗಂಗಿಲ್ಲ ನನಗ.

ಗುಂಡುಗೋಳ ಕಥಿನೂ ಹಂಗೇ. ಮಂದಿ ಕೇಳ್ತಾರ, ಅಷ್ಟು ದೊಡ್ಡ ಕಲ್ಲು ಒಂದರ ಮ್ಯಾಲ ಒಂದು ಯಾರು ಇಟ್ರು, ಭೀಮಸೇನ ಒಗದಾನ ಅಂತ ಹಿರ್ಯಾರು ಹೇಳ್ತಾರ. ನೆಲದ ಒಳಗಿದ್ದಾಗ ಕಲ್ಲಿನ ಬಿರಕಿನಾಗ ನೀರು ಇಳದು ಇಳದು ಮೂಲಿ ಎಲ್ಲಾ ಸವದು, ಆಮ್ಯಾಲ ಮ್ಯಾಲಿನ ಮಣ್ಣು ಮಳಿಗಿ ಕೊಚ್ಚಿ ಹೋಗಿ ಗಟ್ಟಿ ಗುಂಡು ಅಷ್ಟೇ ಉಳದಾವ. ದೊಡ್ಡ ಬಂಡಿಗೋಳು ಉಳ್ಳಾಗಡ್ಡಿ ಸಿಪ್ಪಿ ಬಿಟ್ಟಂಗ ಪದರ ಪದರ ಬಿಡ್ತಾವ, ನೆತ್ತಿ ಮ್ಯಾಲ ನಡೀಬೇಕಾದ್ರ ಆ ಪದರಿನ ಮ್ಯಾಲ ಕಾಲಿಟ್ರ ಟೊಳ್ಳು ಸಪ್ಪಳ ಬರ್ತದ. ಅಂಥಲ್ಲಿ ನಿಲ್ಲಬ್ಯಾಡ್ರಿ, ಜಾರಿ ಹೋಗೂ ಪದರ ಅದು.

ಶಹಾಪುರದವ್ರಿಗಿ ಮಲಗಿದ ಬುದ್ಧ ಅಂದ್ರ ಗೊತ್ತದ, ಊರಿಂದ ನೋಡಿದ್ರ ಗುಡ್ಡದ ಸಾಲೇ ಬುದ್ಧ ಮಲಗಿದಂಗ ಕಾಣಸ್ತದ, ಮಾರಿ, ಎದಿ, ಕಾಲು ಎಲ್ಲಾ ಬರೋಬ್ಬರಿ. ಹೊರಗಿನಿಂದ ಬಂದೋರು ರೋಡಿನ ಮ್ಯಾಲ ಗಾಡಿ ನಿಲ್ಲಿಸಿ ಫೋಟೋ ತಗದು ಹಂಗೇ ಹೋಗ್ತಾರ. ಅದರ ಮ್ಯಾಲ ಹತ್ತಿ ನಡದ್ರ ಮೂಗು ಯಾವುದು ಗದ್ದ ಯಾವುದು ಒಂದೂ ತಿಳ್ಯಂಗಿಲ್ಲ, ಬರೇ ಗುಂಡು, ಸಂದಿ, ಸೀತಾಫಲದ ಗಿಡ, ಕಳ್ಳಿ, ಊಬು. ಆ ಊಬು ಪ್ಯಾಂಟಿಗಿ ಹತ್ತಿ ಸಾಕ್ಸ್ ಒಳಗ ಇಳದು ಮನಿಗಿ ಬಂದು ಒಗದ್ರೂ ಹೋಗಂಗಿಲ್ಲ. ಥಂಡಿ ದಿನದಾಗ ತಂಗಟಿ ಹೂವು ಹಳದಿ ಬಿಟ್ಟಿರ್ತದ, ನವಿಲು ಕೂಗ್ತಾವ, ಬೆಳಕು ಹರ್ಯೂ ಹೊತ್ತಿಗಿ ನೀವು ಮ್ಯಾಲಿದ್ರ ಪೂರ್ವಕ್ಕ ಭೀಮಾ ಹೊಳಿ ಕಡಿ ಮಂಜಿನ ಪಟ್ಟಿ ಕಾಣಸ್ತದ.

ಈಗ ಮ್ಯಾಲಿಂದ ಏನ್ ಕಾಣಸ್ತದ ಅಂತ ಹೇಳ್ತೀನಿ, ಇದು ನನಗ ಎಲ್ಲಕ್ಕಿಂತ ಸೇರಿದ್ದು. ಕೆಳಗ ಒಂದು ಗೆರಿ ಎಳದಂಗ ಎರಡು ಸೀಮಿ. ನಾರಾಯಣಪುರ ಡ್ಯಾಮಿನ ಎಡದಂಡಿ ಕೆನಾಲ್ ನೀರು ಮುಟ್ಟಿದಲ್ಲಿ ನೆಲ್ಲು, ಕಣ್ಣು ಕುಕ್ಕೂ ಹಸರು. ನೀರು ಮುಟ್ಟದಲ್ಲಿ ತೊಗರಿ, ಹತ್ತಿ, ಬಿಳಿಜ್ವಾಳ, ಅವು ಕರೀ ಎರಿ ಮಣ್ಣಿನಾಗ ಹಿಂದಿನ ಮಳಿ ಹಸಿ ಹಿಡಕೊಂಡು ಬೆಳ್ಯೂ ಬೆಳಿ. ನಮ್ಮಜ್ಜನ ಕಾಲಕ್ಕ ಮ್ಯಾಲಿಂದ ನೋಡಿದ್ರ ಎಲ್ಲಾ ಒಂದೇ ಬಣ್ಣ ಇತ್ತಂತ. ಒಣ ನೆತ್ತಿ ಮ್ಯಾಲ ನಿಂತು ಬಾಟ್ಲ್ಯಾಗ ಉಳದ ಒಂದು ಗುಟುಕು ನೀರು ನೋಡಕೋತ ಕೆಳಗ ಅಷ್ಟು ನೀರು ಹರ್ಯೂದು ನೋಡಿದ್ರ ಹೊಟ್ಟ್ಯಾಗ ಏನೋ ಒಂಥರಾ ಆಗ್ತದ.

ಪಶ್ಚಿಮಕ್ಕ ಗೋಗಿ. ಬಿಜಾಪುರದ ಆದಿಲಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾ ಗೋರಿ ಬಿಜಾಪುರದಾಗ ಇಲ್ಲ, ಈ ಗೋಗಿಯಾಗ ಚಂದಾ ಹುಸೇನಿ ದರ್ಗಾದ ಬಾಜೂಕ ಅದ, ಭಾಳ ಮಂದಿಗಿ ಗೊತ್ತೇ ಇಲ್ಲ. ಶಹಾಪುರಕ್ಕ ಹತ್ತಿದಂಗೇ ವಿಭೂತಿಹಳ್ಳಿ ಅದ, ಅಲ್ಲಿ ಹೊಲದಾಗ ಗ್ರಾನೈಟ್ ಗುಂಡು ಸಾಲು ಸಾಲಾಗಿ ಉರುಳಿಸಿ ಇಟ್ಟಾರ, ಬೃಹತ್ ಶಿಲಾಯುಗದ ಮಂದಿ ಇಟ್ಟಿದ್ದು, ಕೇಂದ್ರದ ಪುರಾತತ್ವ ಇಲಾಖಿ ರಕ್ಷಣಾದಾಗ ಅದ, ಸುರಪುರ ಸಂಸ್ಥಾನದಾಗ ಅಧಿಕಾರಿ ಆಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಾಗೇ ಇವುಗಳ ಬಗ್ಗಿ ಬರದಾರ. ಆ ಗುಂಡು ಎಲ್ಲಿಂದ ಬಂದಾವ ಅಂತ ನೆತ್ತಿ ಮ್ಯಾಲ ನಿಂತವ್ರು ಕೇಳೂ ಜರೂರಿಲ್ಲ, ಕಾಲ ಬುಡಕೇ ಅವ.

ಇನ್ನ ಹುಣಸಗಿ ಕಡಿ ಮಾರಿ ಮಾಡಿ ನಿಂತ್ರ ಮೈ ಝುಂ ಅಂತದ. ಹುಣಸಗಿ, ಬೈಚಬಾಳ ಸುತ್ತಿನ ಕೊಳ್ಳದಾಗ ಪುಣೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವ್ರು ವರ್ಷಗಟ್ಟಲೆ ಓಡ್ಯಾಡಿ ಹಳೀ ಶಿಲಾಯುಗದ ನೆಲಿ ಹುಡಕ್ಯಾರ, ಅದರಾಗ ಇಸಾಂಪುರ ಅನ್ನೋ ಜಾಗಾದಾಗ ಸುಣ್ಣದ ಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡ್ತಿದ್ದ ಜಾಗಾನೇ ಸಿಕ್ಕದ, ಅದಕ್ಕ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕ್ಯಾರ. 12 ಲಕ್ಷ! ಆ ಕಾಲದ ಮಂದಿ ಆ ಕೊಳ್ಳದಾಗೇ ಯಾಕ ಇದ್ರು ಅನ್ನೋದಕ್ಕ ಪದ್ದಯ್ಯನವ್ರು ಕೊಟ್ಟ ಕಾರಣ ನೋಡ್ರಿ: ಬ್ಯಾಸಗಿಯಾಗೂ ಬತ್ತದ ಒರತಿ ಅಲ್ಲಿದ್ವು, ಒಣ ದಿನದಾಗ ಮಂದಿ ಆ ನೀರಿನ ಹಂತೇಕ ಬಂದು ಕೂಡ್ತಿದ್ರು, ಮಳಿಗಾಲದಾಗ ಎಲ್ಲಾ ಕಡಿ ನೀರು ಆದ ಮ್ಯಾಲ ಚದರಿ ಹೋಗ್ತಿದ್ರು ಅಂತ. ಅಲ್ರೀ, ನಮ್ ಕಾಕಾ ಯುಗಾದಿಗಿ ಕುರಿ ಹೊಡ್ಕೊಂಡು ಕೆನಾಲಿಗಿ ಇಳೀತಾರಲ್ಲ, ಮಳಿ ಬಿದ್ದ ಮ್ಯಾಲ ಮತ್ತ ಗುಡ್ಡ ಹತ್ತತಾರಲ್ಲ, ಅದೇ ಲೆಕ್ಕ! ಸುರಪುರ ತಾಲೂಕಿನ ಬೂದಿಹಾಳದಾಗ ನಾಕ ಸಾವಿರ ವರ್ಷದ ಹಿಂದ ದನಾ ಸಾಕ್ತಿದ್ದವ್ರ ಸಗಣಿ ಸುಟ್ಟ ಬೂದಿ ದಿಬ್ಬ ಅದ, ಅದನ್ನೂ ಪದ್ದಯ್ಯನವ್ರೇ ಅಗಸಿ ನೋಡ್ಯಾರ. ಈ ಸೀಮ್ಯಾಗ ನೀರಿನ ಹಿಂದ ನಡ್ಯೂದು ಇವತ್ತಿಂದಲ್ಲ.

ಸುರಪುರ ಕಡಿ ಸಾಲಿನ ಮಾತು ಬ್ಯಾರೆ. ಅಲ್ಲಿ ಊರೇ ಗುಡ್ಡದ ನಡು ಅದ, ಮೆಡೋಸ್ ಟೇಲರ್ ಇದ್ದ ಟೇಲರ್ ಮಂಜಿಲ್ ಗುಡ್ಡದ ಮ್ಯಾಲ ಅದ. ಪಶ್ಚಿಮಕ್ಕ ವಾಗಣಗೇರಾ ಕ್ವಾಟಿ. 1705ರಾಗ ಔರಂಗಜೇಬ ತಾನೇ ಸ್ವತಾ ದಂಡು ತಗೊಂಡು ಬಂದು ಈ ಕ್ವಾಟಿ ಮುತ್ತಿಗಿ ಹಾಕಿದ, ಅವನ ಜೀವಮಾನದ ಕಡೀ ಮುತ್ತಿಗಿ ಅದೇ. ಅಷ್ಟು ದೊಡ್ಡ ಬಾದಶಾನ ಫೌಜಿಗಿ ಬೇಡರ ಪಿಡ್ಡನಾಯಕನ ಮಂದಿ ತಿಂಗಳಗಟ್ಟಲೆ ಮಣೀಲಿಲ್ಲ, ಕಡೀಕ ಕ್ವಾಟಿ ಬಿತ್ತು, ಆದ್ರ ನಾಯಕ ಸಿಗಲಿಲ್ಲ, ರಾತ್ರೋರಾತ್ರಿ ಹೊಂಟೇ ಹೋದ. ಹ್ಯಾಂಗ ಹೋದ ಅಂತ ಪುಸ್ತಕದಾಗ ಓದಿದ್ರ ತಿಳ್ಯಂಗಿಲ್ಲ, ಆ ಗುಂಡಿನ ಸಂದ್ಯಾಗ ಒಮ್ಮೆ ನಡದು ನೋಡ್ರಿ, ಹತ್ತು ಹೆಜ್ಜಿ ಮುಂದ ಹೋದ ನಿಮ್ ಗೆಳ್ಯಾನೇ ಕಾಣಂಗಿಲ್ಲ, ಕೂಗಿದ್ರ ದನಿ ನಾಕ ಕಡಿಂದ ಬರ್ತದ. ಗೊತ್ತಿದ್ದವನಿಗಿ ಅಷ್ಟೇ ಈ ನೆಲ ಒಲೀತದ. ಔರಂಗಜೇಬ ಆಮ್ಯಾಲ ಹತ್ರದ ದೇವಾಪುರದಾಗ ಡೇರೆ ಹಾಕಿದ್ದ, ಅಲ್ಲೇ ಜಡ್ಡಿಗಿ ಬಿದ್ದ, 1707ರಾಗ ಅಹಮದನಗರದಾಗ ತೀರಿಕೊಂಡ.

ಹೋಗಬೇಕನ್ನೋರಿಗಿ ಕೆಲಸಕ್ಕ ಬರೋ ಮಾತು ಈಗ. ದಾರಿ ಹಿಡ್ಯೂದು ಹ್ಯಾಂಗ ಅಂದ್ರ ಕಾಕಾ ಹೇಳಿದ್ದೇ ಹೇಳ್ತೀನಿ, ಇದಕ್ಕಿಂತ ಚಲೋ ಮಾತು ಯಾವ ಆ್ಯಪೂ ನನಗ ಹೇಳಿಲ್ಲ: "ಆಡಿನ ಹಿಂದ ಹೋಗಬ್ಯಾಡ್ರಿ, ಕುರಿ ಹಿಂದ ಹೋಗ್ರಿ." ಆಡು ಎಂಥಾ ಬಂಡಿನೂ ಹತ್ತತದ, ಅದು ಹೋದ ದಾರಿ ಮನಷ್ಯಾನ್ನ ನಡು ಬಂಡಿ ಮ್ಯಾಲ ತಂದು ನಿಲ್ಲಸ್ತದ. ಕುರಿ ಹಂಗಲ್ಲ, ಸುತ್ತ ಹಾಕಿದ್ರೂ ಇಳಿಜಾರ ನೋಡೇ ಹೋಗ್ತದ. ಹಿಕ್ಕಿ ನೋಡಿದ್ರ ಎರಡಕ್ಕೂ ಫರಕು ತಿಳ್ಯಂಗಿಲ್ಲ, ಮುಳ್ಳಕಂಟಿ ನೋಡ್ರಿ, ಮುಳ್ಳಿಗಿ ಉಣ್ಣಿ ಕೂದಲ ಸಿಗಿಬಿದ್ದಿದ್ರ ಅದು ಕುರಿ ದಾರಿ, ಕಣ್ಣು ಮುಚ್ಚಿ ಹಿಡೀರಿ.

ಬ್ಯಾಸಗಿಯಾಗ ಹೋಗಬ್ಯಾಡ್ರಿ ಅಂತ ಕೈ ಮುಗದು ಹೇಳ್ತೀನಿ. ಏಪ್ರಿಲ್ ಮೇದಾಗ ನಮ್ ಕಡಿ 42, 43 ಡಿಗ್ರಿ ಅನ್ನೋದು ನೆರಳಿನ ಲೆಕ್ಕ, ಬಂಡಿ ಮ್ಯಾಲ ಕೈ ಇಡಾಕ ಆಗಂಗಿಲ್ಲ, ಹಗಲೆಲ್ಲಾ ಕಾದ ಬಂಡಿ ಹೊತ್ತು ಮುಣಗಿದ ಮ್ಯಾಲೂ ಝಳಾ ಹೊಡೀತದ. ನವೆಂಬರಿಂದ ಫೆಬ್ರವರಿತನ ಚಲೋ, ಅದರಾಗೂ ಮುಂಜಾನಿ ಐದಕ್ಕ ಹತ್ತಿದ್ರ ಹತ್ತಕ್ಕ ಒಂದು ದೊಣಿ ನೆರಳಿಗಿ ಇರಬೇಕು, ಮಧ್ಯಾನ ಕುಂಡ್ರಬೇಕು, ಮೂರರ ಮ್ಯಾಲ ಮತ್ತ ಏಳಬೇಕು, ಬೆಳಕು ಇರೋತನ ಇಳದಿರಬೇಕು. ಒಬ್ಬರಿಗಿ ಮೂರು ಲೀಟರ್ ನೀರು ಬೇಕೇ ಬೇಕು, ದೊಣಿ ತುಂಬಿರ್ತದ ಅಂತ ನಂಬಿ ಹೋಗೂದಲ್ಲ, ದೊಣಿ ಕೈ ಕೊಟ್ರೂ ಇಳ್ಯಾಕ ಬರಬೇಕು. ಬುತ್ತಿಗಿ ಕಟಕರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಸಾಕು, ಎರಡು ದಿನ ಇಟ್ರೂ ಕೆಡಂಗಿಲ್ಲ, ಹಿಂಡ್ಯಾಗಿನ ಉಪ್ಪು ಬೆವರಿಗಿ ಹೋದ ಉಪ್ಪು ತುಂಬಸ್ತದ.

ಮಳಿ ಬಿದ್ದ ದಿನ ಬಂಡಿ ಮ್ಯಾಲಿನ ಕರೀ ಪಟ್ಟಿ ಮ್ಯಾಲ ಕಾಲಿಡಬ್ಯಾಡ್ರಿ. ಒಣಗಿದಾಗ ಅದು ಬರೇ ಬಣ್ಣ ಅನಸ್ತದ, ಹಸಿ ಆದ್ರ ಪಾಚಿ, ಎಂಥಾ ಬೂಟ್ ಇದ್ರೂ ಜಾರ್ತದ. ಮುಂಗಾರಿಗಿ ಮೊದ್ಲ ಮಧ್ಯಾನದ ಮ್ಯಾಲ ಮುಗಲು ಕಪ್ಪಾಗಿ ಸಿಡ್ಲು ಬೀಳ್ತಾವ, ನಮ್ ಜಿಲ್ಲಾದಾಗ ಪ್ರತಿ ವರ್ಷ ಕುರಿ ಕಾಯೋರು, ಹೊಲದಾಗ ದುಡ್ಯೋರು ಸಿಡ್ಲಿಗಿ ಜೀವಾ ಕಳಕೊಳ್ತಾರ, ನೆತ್ತಿ ಅಂದ್ರ ಅದಕ್ಕ ಹೇಳಿ ಮಾಡಿಸಿದ ಜಾಗಾ. ಮಿಂಚು ಕಂಡ ಮ್ಯಾಲ ಗುಡುಗು ಕೇಳೋತನ ಎಣಸ್ರಿ, ಮೂರು ಸೆಕೆಂಡಿಗಿ ಒಂದು ಕಿಲೋಮೀಟರ್ ಲೆಕ್ಕ, 30ರ ಒಳಗ ಬಂದ್ರ ಆ ಹೊತ್ತಿಗೇ ನೆತ್ತಿ ಬಿಟ್ಟು ಇಳೀಬೇಕು, ಒಂಟಿ ಗಿಡದ ಬುಡಕ, ದೊಡ್ಡ ಗುಂಡಿಗಿ ಆನಿಕೊಂಡು ನಿಲ್ಲೂದು ಬ್ಯಾಡ. ಕಡಿದಾದ ಬಂಡಿ ಕೆಳಗ ಹೆಜ್ಜೇನು ಕಟ್ಟಿರ್ತಾವ, ಅಲ್ಲಿ ಕೂಗೂದು, ಬೀಡಿ ಸೇದೂದು, ಸೆಂಟ್ ಹೊಡ್ಕೊಂಡು ಹೋಗೂದು ಮಾಡಬ್ಯಾಡ್ರಿ. ನೋಡದ ಕಲ್ಲಿನ ಸಂದ್ಯಾಗ ಕೈ ಹಾಕಬ್ಯಾಡ್ರಿ, ಚೇಳು, ಮಂಡಲ ಹಾವು ಇರ್ತಾವ. ಕರಡಿ, ಚಿರತಿ ಅವ ಅಂತ ಕಾಕಾ ಹೇಳಿದ್ರು, ಗವಿ ಕಂಡ್ರ ಟಾರ್ಚ್ ಹಚ್ಚಿ ಒಳಗ ಇಣಿಕಿ ನೋಡೂ ಚಟಾ ಬಿಡ್ರಿ. ಮತ್ತ ಹೋಗೂಮುಂದ ಮನ್ಯಾಗ ಎಲ್ಲಿ ಹತ್ತತೀವಿ ಎಲ್ಲಿ ಇಳೀತೀವಿ ಅಂತ ಹೇಳೇ ಹೋಗ್ರಿ.

ಒಂದು ಮಾತು ಹೇಳದೇ ಮುಗಸಾಕ ಆಗಂಗಿಲ್ಲ. ನಮ್ ಕಡಿ ಗುಡ್ಡ ಅಂದ್ರ ಕೆಲವರ ಕಣ್ಣಿಗಿ ಬರೇ ಖಡಿ, ಬರೇ ಗ್ರಾನೈಟ್. ಸಾಲಿನ ಒಂದೊಂದು ಕಡಿ ಬ್ಲಾಸ್ಟ್ ಸಪ್ಪಳ ಕೇಳಸ್ತದ, ಅರ್ಧ ತಿಂದ ಗುಡ್ಡ ಕಾಣಸ್ತದ, ಬಿಳೀ ಧೂಳು ಸುತ್ತಿನ ಹೊಲದ ತೊಗರಿ ಎಲಿ ಮ್ಯಾಲ ಕೂತಿರ್ತದ. ಮನಿ ಕಟ್ಟಾಕ, ರೋಡ್ ಮಾಡಾಕ ಕಲ್ಲು ಬೇಕು, ಅದು ನನಗೂ ಗೊತ್ತದ, ಆದ್ರ ಎಲ್ಲಿ ಒಡೀಬೇಕು ಎಲ್ಲಿ ಒಡೀಬಾರ್ದು ಅಂತ ಒಂದು ಗೆರಿ ಇರಬೇಕಲ್ರೀ. ಒಂದು ದೊಣಿ ಇರೋ ಬಂಡಿ ಒಡದ್ರ ಹೋಗೂದು ಬರೇ ಕಲ್ಲಲ್ಲ, ಆಕಡಿ ಈಕಡಿ ದೊಣಿ ಜೋಡಿಸಿಕೊಂಡು ಹೋಗೂ ಕುರಿ ದಾರಿನೇ ಕಡೀತದ, ನಡು ನೀರು ಇಲ್ಲ ಅಂದ್ರ ಕುರಿ ಆ ಸಾಲು ದಾಟೂಕಾಗಂಗಿಲ್ಲ. ಒಂದು ಕಡಿ ನಾನೇ ನೋಡೀನಿ, ನಿಧಿ ಆಸೆಗಿ ರಾತ್ರಿ ಬಂದು ದೊಣಿ ತಳಾನೇ ಒಡದು ಹೋಗ್ಯಾರ, ಈಗ ಅದರಾಗ ಹನಿ ನೀರು ನಿಲ್ಲಂಗಿಲ್ಲ. ಸಾವಿರಾರು ವರ್ಷ ಕೊರದಿದ್ದು ಒಂದು ರಾತ್ರ್ಯಾಗ ಮುಗೀತು. ಸಿಟ್ಟು ಬರ್ತದ, ಅಳೂನೂ ಬರ್ತದ.

ನಾನು ಈಗ ಮಾಡ್ಲಾಕತ್ತಿದ್ದು ಇಷ್ಟು. ಕುರಿ ಕಾಯೋರ್ನ ಕೇಳಿ, ಅವ್ರ ಜೋಡಿ ನಡದು, ಶಹಾಪುರ ಸಾಲಿನ ದೊಣಿ ಒಂದೊಂದೇ ಬರಕೋತ ಬರ್ಲಾಕತ್ತೀನಿ: ಎಷ್ಟು ಉದ್ದ, ಎಷ್ಟು ಆಳ, ಯಾವ ತಿಂಗಳತನ ನೀರು ಇರ್ತದ, ಮನಷ್ಯಾರಿಗೋ ಜೀವಾದಿಗೋ. ಲೊಕೇಶನ್ ಮಾತ್ರ ಎಲ್ಲಾರಿಗೂ ಹಾಕಂಗಿಲ್ಲ, ಯಾಕಂದ್ರ ನಿಧಿ ಹುಡಕೋರೂ ಫೋನ್ ನೋಡ್ತಾರ, ಪಿಕ್ನಿಕ್ಕಿಗಿ ಬಂದು ಬಾಟ್ಲಿ ಒಡದು ಹೋಗೋರೂ ನೋಡ್ತಾರ. ನಡ್ಯಾಕ ಬರ್ತೀನಿ ಅನ್ನೋರಿಗಿ ಕರಕೊಂಡು ಹೋಗಿ ತೋರಸ್ತೀನಿ. ದೀಪಾವಳಿ ಮುಗದ ಮ್ಯಾಲ, ಗುಡ್ಡದಾಗ ಸೀತಾಫಲ ಇನ್ನೂ ಇರ್ತಾವ, ಆವಾಗ ಸುರಪುರದಿಂದ ವಾಗಣಗೇರಾ ಕಡಿ ಸಾಲು ಹಿಡ್ಯೂ ವಿಚಾರ ಅದ, ಆ ಕಡಿ ದೊಣಿ ನನಗಿನ್ನೂ ಪೂರಾ ಗೊತ್ತಿಲ್ಲ, ಅಲ್ಲಿ ಕುರಿ ಕಾಯೋರು ಯಾರರೆ ನಿಮಗ ಗುರ್ತಿದ್ರ ಮೊದ್ಲ ಅವ್ರನ್ನ ಭೇಟಿ ಮಾಡಸ್ರಿ. ಬರೋರು ಮೂರು ಲೀಟರ್ ನೀರು, ಹಳೀ ಪ್ಯಾಂಟು, ಬುತ್ತಿ ತಗೊಂಡು ಮುಂಜಾನಿ ಐದಕ್ಕ ಸುರಪುರ ಬಸ್‌ಸ್ಟ್ಯಾಂಡಿಗಿ ಬರ್ರಿ, ದಿನಾ ಯಾವುದು ಅಂತ ಮೊದ್ಲೇ ತಿಳಸ್ತೀನಿ.